ಅಪ್‌ಡೇಟ್: ನೇಲ್ ಟೆಕ್ನಿಶಿಯನ್ ಕೆಲಸ ಸಿಕ್ಕಿತು!

ಕಳೆದ ತಿಂಗಳು ಕೇಳಿದ್ದೆ ಅಲ್ವಾ, ನೇಲ್ ಕೋರ್ಸ್ ಮುಗಿದಿದೆ, ಆದರೆ ಕೈ ಪಳಗಿಲ್ಲ, ಬೆಂಗಳೂರಿನಲ್ಲಿ ಮೊದಲ ಕೆಲಸ ಹುಡುಕೋದು ಹೇಗೆ ಅಂತ. ಸಿಕ್ಕಿತು! ಜಯನಗರದ ಒಂದು ಸಣ್ಣ ಸಲೂನಿಗೆ ಸೋಮವಾರದಿಂದ ಹೋಗುತ್ತಿದ್ದೇನೆ.

ಆನ್‌ಲೈನ್‌ನಲ್ಲಿ ಬಯೋಡೇಟಾ ಕಳಿಸಿ ಅಂದಿದ್ದರು ಕೆಲವರು. ಸುಮಾರು 20 ಕಡೆ ಕಳಿಸಿದೆ, ಒಂದೂ ಫೋನ್ ಬರಲಿಲ್ಲ. ಕೈ ಹಿಡಿದಿದ್ದು ಇನ್ನೊಬ್ಬ ಅಕ್ಕನ ಮಾತು: "ಗೊತ್ತಿರುವವರ ಕೈ ಮೇಲೆ ಅಭ್ಯಾಸ ಮಾಡಿ, ಫೋಟೊ ಹಿಡಿದುಕೊಂಡು ನೇರವಾಗಿ ಸಲೂನಿಗೆ ಹೋಗಿ." ಅತ್ತಿಗೆ, ಪಕ್ಕದ ಮನೆ ಆಂಟಿ, ಗೆಳತಿಯರು, ಒಟ್ಟು 11 ಜನರಿಗೆ ಜೆಲ್ ಪಾಲಿಶ್ (ಲ್ಯಾಂಪ್ ಬೆಳಕಿನಲ್ಲಿ ಗಟ್ಟಿಯಾಗುವ ನೇಲ್ ಪಾಲಿಶ್) ಹಾಕಿದೆ. ಹಾಕಿದ ದಿನದ ಫೋಟೊ, 10 ದಿನ ಆದ ಮೇಲಿನ ಫೋಟೊ, ಎರಡೂ ಇಟ್ಟುಕೊಂಡೆ. ಜೆಲ್ ಉಗುರಿನ ಬುಡದ ಚರ್ಮಕ್ಕೆ ತಾಗಿದ ಕಡೆ ಬೇಗ ಎದ್ದು ಬಿಟ್ಟುಕೊಳ್ಳುತ್ತದೆ ಅನ್ನೋದು ಆ ಫೋಟೊಗಳಿಂದಲೇ ಚೆನ್ನಾಗಿ ತಿಳಿಯಿತು.

ನಿಜವಾಗಿ ಆಶ್ಚರ್ಯ ಆಗಿದ್ದು ಈ ಸಲೂನಿನಲ್ಲಿ ಕೆಲಸ ಮಾಡಿ ತೋರಿಸಿದ ಟ್ರಯಲ್ ದಿನ. ಸಲೂನಿನ ಮೇಡಂ ಡಿಸೈನ್ ಕೇಳಲೇ ಇಲ್ಲ, ಹಳೆ ಜೆಲ್ ತೆಗೆಯಲು ಹೇಳಿದರು. ಮೇಲ್ಪದರ ಸ್ವಲ್ಪ ಉಜ್ಜಿ, ಅಸಿಟೋನ್ (ಪಾಲಿಶ್ ಮೆತ್ತಗಾಗಿಸುವ ದ್ರವ) ನೆನೆಸಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ 15 ನಿಮಿಷ ಕಾದೆ. ಕೆರೆಯದೆ ಮೆಲ್ಲಗೆ ತಳ್ಳಿದೆ. ಅವರು ಆ ಉಗುರುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಸವರಿ ನೋಡಿ, "ಸೋಮವಾರ ಬನ್ನಿ" ಅಂದರು.

ಸಂಬಳ ಸದ್ಯಕ್ಕೆ ಕಡಿಮೆಯೇ. ಆದರೆ ದಿನಾ ನಾಲ್ಕೈದು ಜನರ ಕೈ ಸಿಗುತ್ತಿದೆ, ನನಗೆ ಬೇಕಾಗಿದ್ದೂ ಅದೇ. ಸಲಹೆ ಕೊಟ್ಟ ಅಕ್ಕನಿಗೆ ತುಂಬಾ ಥ್ಯಾಂಕ್ಸ್.