ಓದುಗರಿದ್ದಾರೆ, ಕಮಿಷನ್ ಇಲ್ಲ: ಅಫಿಲಿಯೇಟ್ ಬ್ಲಾಗಿಗೆ ಯಾವ ಉತ್ಪನ್ನಗಳನ್ನು ಆರಿಸಿಕೊಳ್ಳಬೇಕು?

ಕಬ್ಬಿನಗದ್ದೆ (ಮಂಡ್ಯ):

ಎಲ್ಲರಿಗೂ ನಮಸ್ಕಾರ. ನಾನು ಕನ್ನಡದಲ್ಲಿ ಒಂದು ಅಫಿಲಿಯೇಟ್ ಬ್ಲಾಗು (ಅದರಲ್ಲಿರುವ ಲಿಂಕಿನಿಂದ ಓದುಗರು ವಸ್ತು ಕೊಂಡರೆ ಬರೆದವರಿಗೆ ಕಮಿಷನ್ ಸಿಗುವಂಥದ್ದು) ನಡೆಸುತ್ತಿದ್ದೇನೆ. ಅದರಲ್ಲಿ ಮೊಬೈಲ್, ಇಯರ್‌ಫೋನ್, ಮಿಕ್ಸಿ, ಕೃಷಿ ಉಪಕರಣ ಮುಂತಾದವುಗಳ ಬಗ್ಗೆ ಲೇಖನಗಳಿವೆ. ಗೂಗಲ್‌ನಿಂದ ಓದುಗರು ಬರುತ್ತಾರೆ, ಲಿಂಕುಗಳನ್ನು ಒತ್ತುವವರೂ ಇದ್ದಾರೆ. ಆದರೆ ಅಮೆಜಾನ್‌ನ ಕಮಿಷನ್ ಯೋಜನೆಯಾದ ಅಮೆಜಾನ್ ಅಸೋಸಿಯೇಟ್ಸ್ ವರದಿಯಲ್ಲಿ ಆರ್ಡರ್‌ಗಳ ಜಾಗದಲ್ಲಿ ಸೊನ್ನೆಯೇ ಕಾಣುತ್ತದೆ. ಸೇರಿದ 180 ದಿನಗಳೊಳಗೆ ಕನಿಷ್ಠ 3 ಅರ್ಹ ಮಾರಾಟಗಳಾಗದಿದ್ದರೆ ಖಾತೆಯನ್ನು ಮುಚ್ಚುತ್ತಾರೆ ಎಂಬ ನಿಯಮ ಬೇರೆ ಇದೆ. ಹೀಗಾಗಿ ಎಲ್ಲವನ್ನೂ ಬಿಟ್ಟು ಒಂದೇ ವಿಭಾಗವನ್ನು ಹಿಡಿಯಬೇಕೆಂದುಕೊಂಡಿದ್ದೇನೆ. ಮೈಸೂರು ರೇಷ್ಮೆ ಸೀರೆ, ಮೈಸೂರು ಸ್ಯಾಂಡಲ್ ಸೋಪು, ಯೋಗ ಮ್ಯಾಟ್, ಕೃಷಿ ಯಂತ್ರಗಳು ಇವುಗಳಲ್ಲಿ ಯಾವುದು ಲಾಭದಾಯಕವೆಂದು ತಿಳಿದವರು ದಯವಿಟ್ಟು ಹೇಳಬೇಕು.

ಒಂಟಿಕೊಪ್ಪಲ್ ಓದುಗ (ಮೈಸೂರು):

ವೆಬ್ ಹೋಸ್ಟಿಂಗ್ (ಜಾಲತಾಣಕ್ಕೆ ಬಾಡಿಗೆಗೆ ಸಿಗುವ ಜಾಗ) ಮತ್ತು ಷೇರು ಇಟ್ಟುಕೊಳ್ಳುವ ಡಿಮ್ಯಾಟ್ ಖಾತೆಗಳ ಕಡೆ ನೋಡಿ ಸರ್. ಒಬ್ಬ ಗ್ರಾಹಕ ಸೇರಿದರೂ ಸಿಗುವ ಮೊತ್ತ ಸೋಪು ಮಾರಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಕುಕ್ಕರಹಳ್ಳಿ (ಮೈಸೂರು):

ಮೇಲಿನ ಸಲಹೆಗೆ ನನ್ನ ಸಹಮತವಿಲ್ಲ. ಕಮಿಷನ್ ಹೆಚ್ಚಿರುವ ಕಡೆ ಪೈಪೋಟಿಯೂ ಹೆಚ್ಚಿರುತ್ತದೆ. ಅದರಲ್ಲಿಯೂ ಹಣಕಾಸಿನ ವಿಷಯಗಳಲ್ಲಿ ಬರೆದವರು ಎಷ್ಟು ನಂಬಿಕೆಗೆ ಅರ್ಹರು ಎಂಬುದನ್ನು ಗೂಗಲ್ ಇತರ ವಿಷಯಗಳಿಗಿಂತ ಬಿಗಿಯಾಗಿ ನೋಡುತ್ತದೆ. ಅಲ್ಲಿ ನಿಮ್ಮ ಎದುರಾಳಿಗಳು ಬ್ಯಾಂಕುಗಳು ಮತ್ತು ದೊಡ್ಡ ಸುದ್ದಿತಾಣಗಳು.

ಮೊದಲು ಈಗಿನ ತೊಂದರೆಯನ್ನು ಗುರುತಿಸೋಣ. ಮೊಬೈಲ್ ಕೊಳ್ಳುವವರು ವಾರಗಟ್ಟಲೆ ಓದಿ, ಹತ್ತು ವಿಡಿಯೋ ನೋಡಿ, ಕೊನೆಗೆ ಹಬ್ಬದ ರಿಯಾಯಿತಿ ಬಂದ ದಿನ ಕೊಳ್ಳುತ್ತಾರೆ. ಅಮೆಜಾನ್ ಲಿಂಕನ್ನು ಒತ್ತಿದ ಮೇಲೆ ಆ ಮಾರಾಟ ನಿಮ್ಮ ಲೆಕ್ಕಕ್ಕೆ ಸೇರುವುದು 24 ಗಂಟೆಗಳ ಮಟ್ಟಿಗೆ ಮಾತ್ರ. ಆ ಅವಧಿಯಲ್ಲಿ ವಸ್ತುವನ್ನು ಕಾರ್ಟ್‌ಗೆ ಹಾಕಿಟ್ಟರೆ 89 ದಿನಗಳವರೆಗೆ ಅವಕಾಶ ಉಂಟು. ಅಂದರೆ ನಿಮ್ಮ ಲೇಖನವನ್ನು ಓದಿಯೇ ಒಬ್ಬರು ತೀರ್ಮಾನಕ್ಕೆ ಬಂದಿದ್ದರೂ, ಮುಂದಿನ ವಾರ ನೇರವಾಗಿ ಆ್ಯಪ್ ತೆರೆದು ಕೊಂಡರೆ ನಿಮಗೆ ಬಿಡಿಗಾಸೂ ಬರುವುದಿಲ್ಲ. ಆದ್ದರಿಂದ ಓದಿದ ದಿನವೇ ಕೊಳ್ಳುವ ಅಗತ್ಯವಿರುವ ವಸ್ತುಗಳ ಕಡೆಗೆ ಹೋಗಬೇಕು. ಕೆಟ್ಟುಹೋದ, ಮುರಿದ, ನಾಳೆ ಬೆಳಗಿನ ಕೆಲಸಕ್ಕೆ ಬೇಕಾದ ವಸ್ತು ಎಂದಿಟ್ಟುಕೊಳ್ಳಿ.

ಇನ್ನು ನಿಮ್ಮ ಪಟ್ಟಿಯ ವಿಚಾರ. ಮೈಸೂರು ರೇಷ್ಮೆ ಸೀರೆಯನ್ನು ಕೊಳ್ಳುವವರು ಅದು ಕೆಎಸ್‌ಐಸಿಯ (ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ) ಅಸಲಿ ಸೀರೆಯೇ ಎಂದು ಖಚಿತಪಡಿಸಿಕೊಳ್ಳಲು ನಿಗಮದ ಸ್ವಂತ ಮಳಿಗೆಗೇ ಹೋಗಲು ಬಯಸುತ್ತಾರೆ. ಬಣ್ಣ ನೋಡಿ, ಸೆರಗು ಮುಟ್ಟಿ ಆರಿಸುವ ವಸ್ತುವನ್ನು ಲಿಂಕಿನ ಮೂಲಕ ಕೊಂಡವರು ಹಿಂತಿರುಗಿಸುವ ಸಂಭವವೂ ಹೆಚ್ಚು, ಮತ್ತು ಹಿಂತಿರುಗಿದ ವಸ್ತುವಿಗೆ ಕಮಿಷನ್ ಇಲ್ಲ. ಸ್ಯಾಂಡಲ್ ಸೋಪಿಗೆ 1916ರಿಂದ ಬಂದ ಹೆಸರಿದೆ, ನಿಜ, ಆದರೆ ಆ ಹೆಸರಿನಿಂದಾಗಿಯೇ ಅದರ ವಿಮರ್ಶೆಯನ್ನು ಹುಡುಕಿ ಓದುವ ಅಗತ್ಯ ಯಾರಿಗೂ ಇಲ್ಲ, ಬೀದಿಯ ಕೊನೆಯ ಅಂಗಡಿಯಲ್ಲಿಯೇ ಸಿಗುತ್ತದೆ. ಯೋಗ ಮ್ಯಾಟ್‌ಗಳ ಬಗ್ಗೆ ಕೇಳುವ ವಿದೇಶಿಯರು ಮೈಸೂರಿನಲ್ಲಿ ಯೋಗಶಾಲೆಗಳಿರುವ ಗೋಕುಲಂ ಬಡಾವಣೆಯಲ್ಲಿ ಧಾರಾಳವಾಗಿ ಸಿಗುತ್ತಾರೆ. ಅವರು ಕನ್ನಡ ಓದುವುದಿಲ್ಲ, ತಮ್ಮ ದೇಶದ ಅಮೆಜಾನ್‌ನಲ್ಲಿ ಕೊಂಡರೆ ನಿಮ್ಮ ಭಾರತೀಯ ಖಾತೆಯಲ್ಲಿ ಅದು ದಾಖಲಾಗುವುದೂ ಇಲ್ಲ.

ಯಾವುದೇ ವಿಭಾಗವನ್ನು ಆರಿಸುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿ. 1,000 ಓದುಗರಲ್ಲಿ 100 ಜನ ಲಿಂಕನ್ನು ಒತ್ತಿ, ಅವರಲ್ಲಿ 3 ಜನ ಕೊಂಡರೆಂದು ಇಟ್ಟುಕೊಳ್ಳೋಣ. ವಸ್ತುವಿನ ಬೆಲೆ ₹400, ಕಮಿಷನ್ ಶೇ 5 ಆದರೆ ನಿಮಗೆ ಬರುವುದು ₹60. ಅದೇ ದರದಲ್ಲಿ ₹3,500ರ ವಸ್ತುವಾದರೆ ₹525. ದರಗಳು ವಿಭಾಗದಿಂದ ವಿಭಾಗಕ್ಕೆ ಬೇರೆಯಾಗಿದ್ದು ಆಗಾಗ ಬದಲಾಗುವುದರಿಂದ, ಬೇರೆಯವರ ಹಳೆಯ ಲೇಖನಗಳನ್ನು ನಂಬದೆ ನಿಮ್ಮ ಖಾತೆಯಲ್ಲಿರುವ ಈಗಿನ ದರಪಟ್ಟಿಯನ್ನೇ ನೋಡಿ. ಮೊಬೈಲ್ ಫೋನುಗಳ ದರ ಎಷ್ಟು ಕಡಿಮೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಗೂಗಲ್ ತಾಣದ ಮಾಲೀಕರಿಗೆ ಕೊಡುವ ಸರ್ಚ್ ಕನ್ಸೋಲ್ ಎಂಬ ಸಾಧನದಲ್ಲಿ ಯಾವ ಪ್ರಶ್ನೆಗಳಿಗೆ ನಿಮ್ಮ ಪುಟ ಕಾಣಿಸಿಕೊಳ್ಳುತ್ತಿದೆ ಎಂಬ ಪಟ್ಟಿಯನ್ನು ಇಲ್ಲಿ ಹಾಕಿದರೆ ಮುಂದಿನದನ್ನು ಮಾತನಾಡಬಹುದು.

ಕಬ್ಬಿನಗದ್ದೆ (ಮಂಡ್ಯ):

ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ಪಟ್ಟಿಯನ್ನು ತೆಗೆದು ನೋಡಿದೆ. ಮೊಬೈಲ್ ಲೇಖನಗಳಿಗೆ ಬರುವ ಪ್ರಶ್ನೆಗಳು ಬಹುಪಾಲು ‘ಬೆಲೆ ಎಷ್ಟು’, ‘ಯಾವಾಗ ಬಿಡುಗಡೆ’ ಎಂಬಂಥವು. ಆದರೆ ಔಷಧಿ ಹೊಡೆಯುವ ಬ್ಯಾಟರಿ ಸ್ಪ್ರೇಯರ್ ಬಗ್ಗೆ ಬರೆದ ಒಂದೇ ಲೇಖನಕ್ಕೆ ‘ಸ್ಪ್ರೇಯರ್ ಚಾರ್ಜ್ ನಿಲ್ಲುತ್ತಿಲ್ಲ’, ‘ಸ್ಪ್ರೇಯರ್ ಬ್ಯಾಟರಿ ಬದಲಾಯಿಸುವುದು ಹೇಗೆ’, ‘ಕಳೆನಾಶಕಕ್ಕೆ ಯಾವ ನಾಜಲ್’ (ಔಷಧಿ ಚಿಮ್ಮುವ ತುದಿ) ಎಂದು ಹುಡುಕಿದವರು ಬಂದಿದ್ದಾರೆ. ಸಂಖ್ಯೆ ಕಡಿಮೆ. ಯಾವ ಪದವನ್ನು ಜನ ಎಷ್ಟು ಹುಡುಕುತ್ತಾರೆಂದು ತೋರಿಸುವ ಗೂಗಲ್ ಟ್ರೆಂಡ್ಸ್‌ನಲ್ಲಿ ಇವೇ ಪದಗಳನ್ನು ಕನ್ನಡದಲ್ಲಿ ಹಾಕಿದರೆ ಸಾಕಷ್ಟು ಮಾಹಿತಿ ಇಲ್ಲ ಎಂದು ಬರುತ್ತದೆ. ಇಷ್ಟು ಸಣ್ಣ ಬೇಡಿಕೆಯನ್ನು ನಂಬಬಹುದೇ? ಸ್ಪ್ರೇಯರ್‌ನಿಂದ ಪವರ್ ಟಿಲ್ಲರ್‌ವರೆಗೆ ಇಡೀ ಕೃಷಿ ಯಂತ್ರಗಳ ವಿಭಾಗವನ್ನೇ ತೆಗೆದುಕೊಂಡರೆ ಹೇಗೆ?

ಉಪಕರಣದಂಗಡಿ (ಮದ್ದೂರು):

ಕೃಷಿ ಉಪಕರಣಗಳ ವ್ಯಾಪಾರ ಮಾಡುವವಳಾಗಿ ಎರಡು ಮಾತು ಹೇಳುತ್ತೇನೆ. ಪವರ್ ಟಿಲ್ಲರ್‌ನಂತಹ ದೊಡ್ಡ ಯಂತ್ರಗಳನ್ನು ನಮ್ಮ ಕಡೆಯ ರೈತರು ಲಿಂಕ್ ನೋಡಿ ಕೊಳ್ಳುವುದಿಲ್ಲ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ 90ರವರೆಗೆ ಸಹಾಯಧನವಿರುವಾಗ ಅವರು ಮೊದಲು ಅರ್ಜಿ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೇ ಹೋಗುತ್ತಾರೆ. ಪೂರ್ತಿ ಬೆಲೆ ಕೊಟ್ಟು ಆನ್‌ಲೈನಿನಲ್ಲಿ ಕೊಳ್ಳಿ ಎಂದು ನೀವು ಎಷ್ಟು ಚೆನ್ನಾಗಿ ಬರೆದರೂ ಅದು ನಡೆಯುವ ಮಾತಲ್ಲ.

ಆದರೆ ಸಹಾಯಧನದಲ್ಲಿ ಬಂದ ಸ್ಪ್ರೇಯರ್ ಕೆಟ್ಟ ಮೇಲೆ ಅದರ ಬಿಡಿಭಾಗಗಳಿಗೆ ಸಹಾಯಧನ ಇರುವುದಿಲ್ಲ. 16 ಲೀಟರಿನ ಬ್ಯಾಟರಿ ಸ್ಪ್ರೇಯರ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 8 ಆಂಪಿಯರ್-ಅವರ್‌ನ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಹಂಗಾಮು ಮುಗಿದ ಮೇಲೆ ಚಾರ್ಜ್ ಇಳಿದ ಸ್ಥಿತಿಯಲ್ಲಿಯೇ ಕೊಟ್ಟಿಗೆಯಲ್ಲಿ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟ್ ಕಟ್ಟಿಕೊಂಡು, ನಾಟಿ ಮುಗಿದು ಔಷಧಿ ಹೊಡೆಯುವ ಸಮಯಕ್ಕೆ ಸರಿಯಾಗಿ ಅದು ಕೈಕೊಡುತ್ತದೆ. ಆಗ ಅಂಗಡಿಗೆ ಬಂದವರು ಕೇಳುವ ಪ್ರಶ್ನೆಗಳು ಹೀಗಿರುತ್ತವೆ: ಅದೇ ಜಾಗದಲ್ಲಿ ಲಿಥಿಯಂ ಬ್ಯಾಟರಿ ಕೂರುತ್ತದೆಯೇ? ಹಳೆಯ ಚಾರ್ಜರನ್ನೇ ಬಳಸಬಹುದೇ? (ಬಳಸಬಾರದು; ಲಿಥಿಯಂಗೆ ಅದರದೇ ಚಾರ್ಜರ್ ಬೇಕು.) ಕಳೆನಾಶಕಕ್ಕೂ ಕೀಟನಾಶಕಕ್ಕೂ ಒಂದೇ ನಾಜಲ್ ಸಾಕೇ? ಕಳೆನಾಶಕಕ್ಕೆ ಚಪ್ಪಟೆಯಾಗಿ ಹರಡುವ ಫ್ಲ್ಯಾಟ್ ಫ್ಯಾನ್ ನಾಜಲ್, ಎಲೆಗಳ ಮೇಲೆ ಕೀಟನಾಶಕ ಹೊಡೆಯಲು ಹಾಲೋ ಕೋನ್ ನಾಜಲ್ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಬ್ಯಾಟರಿ ಕೂರುವ ಗೂಡಿನ ಉದ್ದ, ಅಗಲ, ಎತ್ತರ ಮತ್ತು ಟರ್ಮಿನಲ್‌ನ ಅಗಲವನ್ನು ಅಳೆದು ಕೊಳ್ಳಬೇಕೆಂದು ಫೋಟೋ ಸಮೇತ ತೋರಿಸಿದ ಒಂದು ಕನ್ನಡ ಪುಟವನ್ನೂ ನಾನು ಈವರೆಗೆ ಕಂಡಿಲ್ಲ.

ಕುಕ್ಕರಹಳ್ಳಿ (ಮೈಸೂರು):

ಮೇಡಂ ಹೇಳಿದ್ದರಲ್ಲಿಯೇ ನಿಮ್ಮ ವಿಭಾಗ ಇದೆ. ಕೃಷಿ ಯಂತ್ರಗಳಲ್ಲ, ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್‌ನ ದುರಸ್ತಿ ಮತ್ತು ಬಿಡಿಭಾಗಗಳು. ನಾಜಲ್ ಒಂದರಿಂದಲೇ ಹಣ ಬರುವುದಿಲ್ಲ, ನಾನು ಮೇಲೆ ಹಾಕಿದ ಲೆಕ್ಕ ಅದನ್ನೇ ಹೇಳುತ್ತದೆ. ಆದರೆ ನಾಜಲ್‌ಗೆಂದು ಬಂದವರಿಗೆ ಬ್ಯಾಟರಿ, ಚಾರ್ಜರ್, ರಿಪೇರಿಗೆ ಬಾರದ ಯಂತ್ರಕ್ಕೆ ಬದಲಿ ಸ್ಪ್ರೇಯರ್ ಎಂದು ಮೇಲಿನ ಬೆಲೆಯ ವಸ್ತುಗಳವರೆಗೆ ದಾರಿ ಇದೆ. ಲಿಂಕಿನ ಮೂಲಕ ಹೋದವರು ಬೇರೆ ವಸ್ತು ಕೊಂಡರೂ ಕಮಿಷನ್ ಸಿಗುತ್ತದೆ.

ಟ್ರೆಂಡ್ಸ್‌ನ ವಿಷಯಕ್ಕೆ ಬಂದರೆ, ಅದು ತೋರಿಸುವುದು 0ಯಿಂದ 100ರವರೆಗಿನ ಸಾಪೇಕ್ಷ ಪ್ರಮಾಣವನ್ನೇ ಹೊರತು ಹುಡುಕಿದವರ ಸಂಖ್ಯೆಯನ್ನಲ್ಲ, ಮತ್ತು ಕಡಿಮೆ ಹುಡುಕಾಟದ ಪದಗಳನ್ನು ಅದು ಕೈಬಿಡುತ್ತದೆ. ಹಾಗಾಗಿ ಕನ್ನಡ ಪದಗಳಿಗೆ ಅದನ್ನು ತೀರ್ಪುಗಾರನನ್ನಾಗಿ ಮಾಡಬೇಡಿ. ಬದಲಿಗೆ ಗೂಗಲ್ ಮತ್ತು ಯೂಟ್ಯೂಬ್ ಹುಡುಕಾಟದ ಪೆಟ್ಟಿಗೆಯಲ್ಲಿ ಅರ್ಧ ಪದ ಹಾಕಿ, ಅವು ಸೂಚಿಸುವ ಸಾಲುಗಳನ್ನು ಬರೆದುಕೊಳ್ಳಿ. ಆಮೇಲೆ ಮಾರಾಟದ ಪುಟಗಳಲ್ಲಿ 2 ಮತ್ತು 3 ನಕ್ಷತ್ರ ಕೊಟ್ಟವರ ವಿಮರ್ಶೆಗಳನ್ನು ಓದಿ. 5 ನಕ್ಷತ್ರದವರು ‘ಚೆನ್ನಾಗಿದೆ’ ಎಂದು ಬರೆದು ಹೋಗುತ್ತಾರೆ. ನಡುವಿನವರು ಪೈಪು ಯಾವ ಜಾಗದಲ್ಲಿ ಸೋರಿತು ಎಂಬುದನ್ನು ಹೇಳುತ್ತಾರೆ. ಆ ಒಂದೊಂದು ದೂರೂ ಒಂದು ಲೇಖನಕ್ಕೆ ಸಾಕಾಗುವ ಸರಕು. ವಸ್ತುವನ್ನು ಕೈಯಲ್ಲಿ ಹಿಡಿದು, ಬಿಚ್ಚಿ, ನಿಮ್ಮದೇ ಚಿತ್ರ ತೆಗೆದು ಬರೆಯಿರಿ. 2021ರ ಏಪ್ರಿಲ್‌ನಲ್ಲಿ ಗೂಗಲ್ ಇಂಗ್ಲಿಷಿನ ಉತ್ಪನ್ನ ವಿಮರ್ಶೆಗಳಿಗೆಂದು ಮೊದಲು ತಂದ ಬದಲಾವಣೆಯಿಂದೀಚೆಗೆ, ಮಾರಾಟದ ಪುಟದ ವಿವರಗಳನ್ನೇ ಎತ್ತಿ ಬರೆದ ಲೇಖನಗಳು ಮೇಲಕ್ಕೆ ಬರುವುದು ಕಷ್ಟವಾಗಿದೆ.

ಒಂಟಿಕೊಪ್ಪಲ್ ಓದುಗ (ಮೈಸೂರು):

ಒಪ್ಪಿದೆ ಸರ್, ಹೋಸ್ಟಿಂಗ್ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದು ಸೇರ್ಪಡೆ ಮಾತ್ರ: ಲೇಖನದ ಆರಂಭದಲ್ಲಿಯೇ ‘ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ತಿಳಿಸಬೇಕು. ಅಮೆಜಾನ್ ನಿಯಮವೂ ಅದನ್ನು ಕೇಳುತ್ತದೆ.

ಕಬ್ಬಿನಗದ್ದೆ (ಮಂಡ್ಯ):

ಎಲ್ಲರಿಗೂ ಧನ್ಯವಾದಗಳು. ಕೊನೆಯ ಪ್ರಶ್ನೆ: 180 ದಿನಗಳ ಗಡುವು ಹತ್ತಿರವಾಗುತ್ತಿದೆ. ಅಷ್ಟರೊಳಗೆ ಸ್ನೇಹಿತರಿಗೆ ಹೇಳಿ ನನ್ನ ಲಿಂಕಿನಿಂದ 3 ವಸ್ತು ಕೊಳ್ಳಿಸಬಹುದೇ?

ಕುಕ್ಕರಹಳ್ಳಿ (ಮೈಸೂರು):

ಬೇಡ. ಸ್ವಂತಕ್ಕೆ ಕೊಳ್ಳುವುದು, ಮನೆಯವರಿಂದ ಅಥವಾ ಸ್ನೇಹಿತರಿಂದ ಕೊಳ್ಳಿಸುವುದು ನಿಯಮಕ್ಕೆ ವಿರುದ್ಧ. ಅಂತಹ ಆರ್ಡರ್‌ಗಳು ಲೆಕ್ಕಕ್ಕೆ ಬರುವುದಿಲ್ಲ. ಖಾತೆ ಮುಚ್ಚಿದರೆ ಮುಚ್ಚಲಿ, ಮತ್ತೆ ಅರ್ಜಿ ಹಾಕಬಹುದು. ಹಳೆಯ ಟ್ರ್ಯಾಕಿಂಗ್ ಐಡಿ (ಮಾರಾಟ ಯಾರ ಲಿಂಕಿನಿಂದ ಆಯಿತೆಂದು ಗುರುತಿಸುವ ಸಂಕೇತ) ಇರುವ ಲಿಂಕುಗಳಿಂದ ಆಗ ಹಣ ಬರುವುದಿಲ್ಲವಾದ್ದರಿಂದ ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಆದ್ದರಿಂದ ಸ್ಪ್ರೇಯರ್ ಲೇಖನಗಳನ್ನು ಈಗಲೇ ಲಿಂಕ್ ಇಲ್ಲದೆ ಪ್ರಕಟಿಸಿ, ಓದುಗರು ಬರತೊಡಗಿದ ಮೇಲೆ ಹೊಸ ಖಾತೆಯ ಲಿಂಕುಗಳನ್ನು ಸೇರಿಸುವುದು ಒಳ್ಳೆಯದು. ನಾಲೆಗೆ ನೀರು ಬಿಟ್ಟು ಮುಂಗಾರಿನ ಭತ್ತದ ನಾಟಿ ಶುರುವಾಗುವುದಕ್ಕೆ ಎರಡು ತಿಂಗಳು ಮೊದಲೇ ಬ್ಯಾಟರಿ ಮತ್ತು ನಾಜಲ್ ಲೇಖನಗಳು ಗೂಗಲ್‌ನಲ್ಲಿ ಇರುವಂತೆ ನೋಡಿಕೊಳ್ಳಿ.