ಪದಚರ್ಚೆ: ‘ಡೆಪ್ರಿಕೇಟೆಡ್’ಗೆ ಏನೆನ್ನಬೇಕು? (ಇವತ್ತೇ ಬೇಕು)

ಪ್ರಶ್ನೆ:
ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಕೋಡ್ ನೋಡಿಕೊಳ್ಳುವವರಿಗೆ ಒಂದು ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ, ಸಂಜೆಯೊಳಗೆ ಕೊಡಬೇಕು. ಎರಡು ಮೌಲ್ಯಗಳು ಹೊಂದುತ್ತವೆಯೇ ಎಂದು ನೋಡುವ ‘ಸ್ಮಾರ್ಟ್‌ಮ್ಯಾಚ್’ ಆಪರೇಟರ್ ಬಗ್ಗೆ ವಾಕ್ಯ ಇದು (5.10 ಮುಂತಾದವು ಪರ್ಲ್ ಆವೃತ್ತಿಗಳು): ‘ಸ್ಮಾರ್ಟ್‌ಮ್ಯಾಚ್ 2007ರಲ್ಲಿ 5.10ರ ಜೊತೆ ಬಂತು, 5.18ರಲ್ಲಿ ಎಕ್ಸ್‌ಪೆರಿಮೆಂಟಲ್ ಆಯಿತು, 2023ರ 5.38ರಲ್ಲಿ ಡೆಪ್ರಿಕೇಟೆಡ್ ಆಯಿತು.’ ‘ಪ್ರಾಯೋಗಿಕ’, ‘ರದ್ದು’ ಎಂದು ಹಾಕಿದ್ದೇನೆ. ಸರಿ ಅಲ್ವಾ?

ಉತ್ತರ 1:
ಎರಡೂ ಸರಿಯಿಲ್ಲ. ‘ಪ್ರಾಯೋಗಿಕ’ ಅಂದರೆ ನಮ್ಮವರಿಗೆ ಲ್ಯಾಬ್ ಪರೀಕ್ಷೆ ನೆನಪಾಗುತ್ತದೆ. ‘ಪ್ರಯೋಗದಲ್ಲಿರುವ’ ಎನ್ನಿ. ‘ರದ್ದು’ ಅರಬ್ಬಿಯದು, ಬೇಡ. ಮೂಲ ನೋಡಿ. ಲ್ಯಾಟಿನ್ನಿನ ‘ಪ್ರೆಕಾರಿ’ ಅಂದರೆ ಬೇಡಿಕೊಳ್ಳುವುದು. ಕೇಡು ದೂರವಾಗಲಿ ಎಂದು ಬೇಡುವುದು ‘ಡೆಪ್ರೆಕಾರಿ’. ನಮ್ಮಲ್ಲೂ ‘ಬೇಡು’, ‘ಬೇಡ’ ಒಂದೇ ಬಳ್ಳಿಯವು. ‘ಬೇಡವಾದ’ ಎಂದು ಹಾಕಿ, ಮುಗಿಯಿತು.

ಉತ್ತರ 2:
ಕೈಪಿಡಿ ಓದುವವನಿಗೆ ಲ್ಯಾಟಿನ್ ಯಾಕೆ? ‘ರದ್ದು’ ಬೇಡ ಅನ್ನುವುದು ಸರಿ, ಕೊಟ್ಟ ಕಾರಣ ತಪ್ಪು. 5.38ರಲ್ಲೂ ಆ ಕೋಡ್ ಓಡುತ್ತದೆ, ಎಚ್ಚರಿಕೆ ಕೊಡುತ್ತದೆ ಅಷ್ಟೇ. ರದ್ದಾದ ರೈಲು ಓಡುವುದಿಲ್ಲ. ‘ಕೈಬಿಡಲಿರುವ’ ಎನ್ನಿ.

ಉತ್ತರ 3:
ಅದೂ ನಿಲ್ಲುವುದಿಲ್ಲ. 5.42ರಲ್ಲಿ ತೆಗೆದುಬಿಡುತ್ತೇವೆ ಎಂದು ಪರ್ಲ್ ತಂಡದವರು ಹೇಳಿದ್ದರು. 2025ರಲ್ಲಿ 5.42 ಬಂತು, ಸ್ಮಾರ್ಟ್‌ಮ್ಯಾಚ್ ಹಾಗೇ ಉಳಿಯಿತು. ‘ಯೂಸ್ ವಿ5.42’ ಎಂದು ಮೇಲೆ ಬರೆದುಕೊಂಡ ಫೈಲಿನಲ್ಲಿ ಮಾತ್ರ ಅದು ಸಿಗುವುದಿಲ್ಲ. ಬಿಡುತ್ತಾರೋ ಇಲ್ಲವೋ ‘ಡೆಪ್ರಿಕೇಟೆಡ್’ ಹೇಳುವುದೇ ಇಲ್ಲ. ಬಳಸಬೇಡಿ ಎನ್ನುತ್ತದೆ, ಅಷ್ಟೇ. ‘ಬಳಸಬಾರದೆಂದ’ ಎಂದು ಹಾಕಿ.

ಇಲ್ಲಿ ಸುಮ್ನೆ ಹಟ ಮಾಡುತ್ತಿಲ್ಲ. ಸಿಗ್ನೇಚರ್ ನೋಡಿ, ಅಂದರೆ ಸಬ್‌ರುಟೀನ್ (ಹೆಸರಿಟ್ಟ ಕೋಡ್ ತುಂಡು) ಯಾವ ಆರ್ಗ್ಯುಮೆಂಟ್ ಪಡೆಯುತ್ತದೆ ಎಂದು ಹೆಸರಿನ ಜೊತೆಗೇ ಬರೆಯುವ ಸೌಲಭ್ಯ. 2014ರ 5.20ರಲ್ಲಿ ಪ್ರಯೋಗಕ್ಕೆ ಬಂತು, 2022ರ 5.36ರಲ್ಲಿ ಗಟ್ಟಿಯಾಯಿತು. ಸಬ್‌ರುಟೀನಿನ ಮೊದಲ ಸಾಲಿನಲ್ಲಿ ಆರ್ಗ್ಯುಮೆಂಟ್‌ಗಳನ್ನು ಕೈಯಾರೆ ಬಿಡಿಸಿಕೊಳ್ಳುವ ಕೆಲಸ ತಪ್ಪುತ್ತದೆ. ಒಂದು ಜಾಸ್ತಿ ಕೊಟ್ಟರೂ ಕಡಿಮೆ ಕೊಟ್ಟರೂ ಅಲ್ಲೇ ಗೊತ್ತಾಗುತ್ತದೆ. ಆದರೆ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಜೊತೆ ಬಂದದ್ದು ಪರ್ಲ್ 5.16. ಅಂಥ ಸರ್ವರ್‌ನಲ್ಲಿ ಸಿಗ್ನೇಚರ್ ಇರುವ ಫೈಲ್ ಕಂಪೈಲೇ ಆಗುವುದಿಲ್ಲ. ಯಾವುದು ಪ್ರಯೋಗದಲ್ಲಿದೆ, ಯಾವುದು ಗಟ್ಟಿ, ಯಾವುದು ಬೇಡವೆಂದರು, ಯಾವುದು ಹೋಗೇ ಹೋಯಿತು, ನಾಲ್ಕಕ್ಕೂ ಬೇರೆ ಬೇರೆ ಪದ ಇರಲೇಬೇಕು. ಓದುವವರು ಅದನ್ನು ನಂಬಿಕೊಂಡೇ ಕೋಡ್ ತಿದ್ದುತ್ತಾರೆ.

ಉತ್ತರ 1:
ಸರಿ, ಆದರೆ ‘ಸಿಗ್ನೇಚರ್’ ಎಂದೇ ಬರೆಯಬೇಕೇ? ಎಲ್ಲವನ್ನೂ ಎರವಲು ತಂದರೆ ಕನ್ನಡ ಎಲ್ಲುಳಿಯಿತು?

ಉತ್ತರ 2:
‘ಸಹಿ’ ಎನ್ನಬೇಕೇ? ಅದೂ ಅರಬ್ಬಿಯಿಂದ ಬಂದದ್ದೇ, ಅರ್ಥವೂ ಕೂಡುವುದಿಲ್ಲ. ಪರ್ಲ್ ಬರೆಯುವ ಕನ್ನಡಿಗರ ಬಾಯಲ್ಲಿ ಇರುವುದು ಸಿಗ್ನೇಚರ್. ಅದೇ ಇರಲಿ.

ಪ್ರಶ್ನೆ ಕೇಳಿದವರು:
‘ಪ್ರಯೋಗದಲ್ಲಿರುವ’, ‘ಬಳಸಬಾರದೆಂದ’ ಎರಡನ್ನೂ ತೆಗೆದುಕೊಂಡೆ. ಸಿಗ್ನೇಚರ್ ಹಾಗೇ ಬಿಟ್ಟಿದ್ದೇನೆ. 5.42ರ ಸಂಗತಿ ಮೂಲದಲ್ಲಿ ಇರಲಿಲ್ಲ, ಅಡಿಟಿಪ್ಪಣಿಯಲ್ಲಿ ಸೇರಿಸುತ್ತೇನೆ.