ಬಾಡಿಗೆ ಎಲೆಕ್ಟ್ರಿಕ್ ಬೈಕುಗಳಿಂದ ಫುಟ್‌ಪಾತ್ ಬಿಡಿಸುವುದು ಹೇಗೆ?

ಜಯನಗರದವಳು ಕೇಳಿದ್ದು:

ನಮ್ಮ ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬಿಳಿ ಕೋಲು ಹಿಡಿದು ಒಬ್ಬರೇ ಓಡಾಡುತ್ತಾರೆ. ಮೆಟ್ರೋ ಸ್ಟೇಷನ್ ಕಡೆಗೆ ಹೋಗುವ ಫುಟ್‌ಪಾತ್ ಮೇಲೆ ಆ್ಯಪ್‌ನಲ್ಲಿ ಸಿಗುವ ಬಾಡಿಗೆ ಎಲೆಕ್ಟ್ರಿಕ್ ಬೈಕುಗಳನ್ನು ಅಡ್ಡಡ್ಡ ನಿಲ್ಲಿಸಿ ಹೋಗಿರುತ್ತಾರೆ. ಕೋಲು ಎರಡು ಚಕ್ರಗಳ ನಡುವೆ ತೂರಿಕೊಳ್ಳುತ್ತದೆ, ಹ್ಯಾಂಡಲ್ ಹೊಟ್ಟೆಗೆ ಬಡಿಯುತ್ತದೆ. ಪಕ್ಕಕ್ಕೆ ತಳ್ಳೋಣ ಅಂದರೆ ಚಕ್ರ ಲಾಕ್ ಆಗಿರುತ್ತದೆ. ಕೊನೆಗೆ ಬಸ್ಸು ಓಡಾಡುವ ರಸ್ತೆಗೇ ಇಳಿಯಬೇಕು.

ಕಂಪನಿಗೆ ದೂರು ಕೊಟ್ಟರೆ ‘ನಮ್ಮ ಮ್ಯಾಪ್ ಪ್ರಕಾರ ಬೈಕು ಸರಿಯಾದ ಜಾಗದಲ್ಲೇ ಇದೆ’ ಅನ್ನುತ್ತಾರೆ. ಈ ಬೈಕುಗಳೇ ಬೇಡ ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಡೆಲಿವರಿ ಹುಡುಗರ ದುಡಿಮೆ ಅದರ ಮೇಲಿದೆ. ಆದರೆ ಅಮ್ಮನಿಗೂ ನಡೆಯಲು ಜಾಗ ಬೇಕಲ್ವಾ? ಬೇರೆ ಊರುಗಳಲ್ಲಿ ಏನು ಮಾಡಿದ್ದಾರೆ?

ರಾತ್ರಿ ಪಾಳಿ:

ಮೇಡಂ, ನಾನು ಇಂಥದೇ ಒಂದು ಕಂಪನಿಯಲ್ಲಿ ಬ್ಯಾಟರಿ ಬದಲಿಸುವ ಕೆಲಸ ಮಾಡುತ್ತಿದ್ದೆ. ಮ್ಯಾಪ್ ಹಾಗೆ ತೋರಿಸುವುದು ನಿಜ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುತ್ತದೆ. ಮರ, ಎತ್ತರದ ಕಟ್ಟಡ ಇದ್ದ ಕಡೆ ಇನ್ನೂ ಜಾಸ್ತಿ. ಬೈಕು ಫುಟ್‌ಪಾತ್ ಮೇಲಿದೆಯೋ ರಸ್ತೆ ಅಂಚಿನಲ್ಲಿದೆಯೋ ಅಂತ ಅದಕ್ಕೆ ತಿಳಿಯುವುದೇ ಇಲ್ಲ.

ಇನ್ನೊಂದು ವಿಷಯ. ಅಡ್ಡ ನಿಂತಿರುವ ಬೈಕನ್ನೆಲ್ಲ ಸವಾರರೇ ಹಾಗೆ ಬಿಟ್ಟಿರುವುದಿಲ್ಲ. ಸರಿಯಾಗಿ ನಿಲ್ಲಿಸಿ ಹೋದರೂ ಅಂಗಡಿಯವರು, ಸೆಕ್ಯುರಿಟಿಯವರು ತಮ್ಮ ಗೇಟಿನ ಮುಂದೆ ಬೇಡ ಅಂತ ಎಳೆದು ಫುಟ್‌ಪಾತ್ ಮೇಲೆ ಹಾಕುತ್ತಾರೆ. ಸವಾರನಿಗೆ ಮಾತ್ರ ದಂಡ ಹಾಕಿದರೆ ಇದು ನಿಲ್ಲುವುದಿಲ್ಲ. ಬೈಕಿಗೆ ತನ್ನದೇ ಅಂತ ಒಂದು ಜಾಗ ಇರಬೇಕು.

ಸಿಂಗಾಪುರ ಕನ್ನಡಿಗ:

ಇಲ್ಲಿ 2017ರಲ್ಲಿ ಬಾಡಿಗೆ ಸೈಕಲ್ಲುಗಳು ಎಲ್ಲೆಂದರಲ್ಲಿ ಬಿದ್ದಿರುತ್ತಿದ್ದವು. 2018ರಲ್ಲಿ ಸರ್ಕಾರ ಬಾಡಿಗೆ ಕಂಪನಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಮರುವರ್ಷ ಕ್ಯೂಆರ್ ಕೋಡ್ ಬಂತು. ಸೈಕಲ್ ನಿಲ್ಲಿಸುವ ಜಾಗದಲ್ಲೇ ಕೋಡ್ ಇರುತ್ತದೆ, ಅದನ್ನು ಸ್ಕ್ಯಾನ್ ಮಾಡಿ ಸವಾರಿ ಮುಗಿಸಬೇಕು. ಮಾಡದಿದ್ದರೆ 5 ಸಿಂಗಾಪುರ ಡಾಲರ್ ಹೆಚ್ಚಿಗೆ ಕಟ್ಟಬೇಕು. ಪದೇ ಪದೇ ತಪ್ಪಿದವರಿಗೆ ಸ್ವಲ್ಪ ಕಾಲ ಯಾವ ಕಂಪನಿಯ ಸೈಕಲ್ಲೂ ಸಿಗುವುದಿಲ್ಲ. ಇದರಲ್ಲಿ ಜಿಪಿಎಸ್ ಒಂದನ್ನೇ ನಂಬಿಕೊಳ್ಳುವ ಗೋಜಿಲ್ಲ.

ಮೈಸೂರಿನಿಂದ:

ನಮ್ಮಲ್ಲಿ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಸೇವೆ ಶುರುವಾದಾಗ, ಸೈಕಲ್ಲನ್ನು ಅದಕ್ಕೆಂದೇ ಮಾಡಿದ ನಿಲ್ದಾಣಕ್ಕೇ (ಡಾಕಿಂಗ್ ಸ್ಟೇಷನ್) ಹಿಂತಿರುಗಿಸಬೇಕಿತ್ತು. ಮನೆ ಬಾಗಿಲಲ್ಲಿ ಬಿಟ್ಟು ಹೋಗಲು ಆಗುತ್ತಿರಲಿಲ್ಲ, ಅದು ನಿಜ. ದಾರಿ ಮಾತ್ರ ಖಾಲಿ ಇರುತ್ತಿತ್ತು.

ರಸ್ತೆ ನಕ್ಷೆ:

ನಾನು ರಸ್ತೆ ವಿನ್ಯಾಸದ ಕೆಲಸ ಮಾಡುತ್ತೇನೆ. ಒಂದು ಮಾತು ಕೈಮುಗಿದು ಹೇಳುತ್ತೇನೆ: ದಯವಿಟ್ಟು ಫುಟ್‌ಪಾತ್ ಮೇಲೆ ಗೆರೆ ಎಳೆದು ಪಾರ್ಕಿಂಗ್ ಮಾಡಿ ಅಂತ ಕೇಳಬೇಡಿ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಪ್ರಕಾರ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು. ನಮ್ಮ ಎಷ್ಟೋ ಫುಟ್‌ಪಾತ್‌ಗಳು ಒಟ್ಟೂ ಅಷ್ಟು ಅಗಲ ಇಲ್ಲ. ಅದರಲ್ಲಿ ಪಾಲು ಕೊಟ್ಟರೆ ಉಳಿಯುವುದೇನು?

ರಸ್ತೆ ಅಂಚಿನಲ್ಲಿ ಒಂದೇ ಒಂದು ಕಾರ್ ನಿಲ್ಲುವ ಜಾಗ ಕೇಳಿ. ಅಲ್ಲಿ ಆರೆಂಟು ಬೈಕು ಆರಾಮಾಗಿ ನಿಲ್ಲುತ್ತವೆ. ಜೀಬ್ರಾ ಪಟ್ಟೆಗೆ ಸ್ವಲ್ಪ ಮೊದಲು ಸಿಕ್ಕರೆ ಬಹಳ ಒಳ್ಳೆಯದು. ಅಲ್ಲಿ ಕಾರು ನಿಂತರೆ ದಾಟುವವರು ಡ್ರೈವರಿಗೆ ಕಾಣುವುದಿಲ್ಲ. ಬೈಕುಗಳು ಗಿಡ್ಡ, ನೋಟ ಅಷ್ಟು ಮರೆಯಾಗುವುದಿಲ್ಲ.

ಪ್ಯಾರಿಸ್‌ನಲ್ಲಿ, ನಿಂತುಕೊಂಡು ಓಡಿಸುವ ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಹೀಗೇ ರಸ್ತೆ ಅಂಚಿನಲ್ಲಿ ಸುಮಾರು 2,500 ಜಾಗ ಮಾಡಿದರು. ಅಷ್ಟು ಹೊತ್ತಿಗೆ ಜನರಿಗೆ ರೋಸಿ ಹೋಗಿತ್ತು. 2023ರ ಏಪ್ರಿಲ್‌ನಲ್ಲಿ ಮತಕ್ಕೆ ಹಾಕಿದಾಗ ಬಂದವರು ಶೇ. 8ಕ್ಕಿಂತ ಕಡಿಮೆ, ಬಂದವರಲ್ಲಿ ಶೇ. 89ರಷ್ಟು ಮಂದಿ ಬಾಡಿಗೆ ಸ್ಕೂಟರ್ ಬೇಡ ಅಂದರು. ಸೆಪ್ಟೆಂಬರ್ ಹೊತ್ತಿಗೆ ಸ್ಕೂಟರ್‌ಗಳು ಹೋದವು. ಆದ್ದರಿಂದ ಇಲ್ಲಿನ ಕಂಪನಿಗಳೂ ಈಗಲೇ ನಿಮ್ಮ ಜೊತೆ ನಿಂತು ಜಾಗ ಕೇಳಬೇಕು, ಅವರಿಗೂ ಅದೇ ಕ್ಷೇಮ.

ಜಯನಗರದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ‘ರಾತ್ರಿ ಪಾಳಿ’ಯವರು ಹೇಳಿದ ಗೇಟಿನ ವಿಷಯ ನನಗೆ ಹೊಳೆದೇ ಇರಲಿಲ್ಲ. ನಮ್ಮ ರಸ್ತೆಯಲ್ಲಿ ಮೆಡಿಕಲ್ ಸ್ಟೋರ್ ದಾಟಿದ ಮೇಲೆ, ಜೀಬ್ರಾ ಪಟ್ಟೆಗೆ ಮೊದಲು, ಒಂದು ಕಾರಿನ ಜಾಗ ಇದೆ. ಅಳತೆ, ಫೋಟೋ ಸಮೇತ ವಾರ್ಡ್ ಇಂಜಿನಿಯರ್‌ಗೆ ಅರ್ಜಿ ಕೊಡುತ್ತೇನೆ. ಪ್ರತಿಯನ್ನು ಟ್ರಾಫಿಕ್ ಪೊಲೀಸರಿಗೂ ಕಂಪನಿಗೂ ಕಳಿಸುತ್ತೇನೆ. ಸುತ್ತಲಿನ ಅಂಗಡಿಯವರ ಸಹಿ ಮೊದಲೇ ಹಾಕಿಸಿಕೊಳ್ಳಬೇಕು ಅನ್ನಿಸುತ್ತಿದೆ. ಬೆಂಗಳೂರಲ್ಲಿ ಯಾರಾದರೂ ಹೀಗೆ ಅರ್ಜಿ ಕೊಟ್ಟು ರಸ್ತೆ ಅಂಚಿನಲ್ಲಿ ಜಾಗ ಮಾಡಿಸಿಕೊಂಡಿದ್ದರೆ ಬರೆಯಿರಿ, ಬಂದು ನೋಡುತ್ತೇನೆ.